ರಿಪೋರ್ಟ್ ತಪ್ಪಾಗಿ ಬೇರೆಯವರ ಕೈ ಸೇರಿದ್ರೆ: ಆಸ್ಪತ್ರೆ ಮುಚ್ಚಿಡೋ ಹೊತ್ತಲ್ಲೇ ಹೆಚ್ಚು ಹಾನಿ ಆಗತ್ತೆ

ಸ್ವಲ್ಪ ದಿನದ ಹಿಂದೆ ಒಂದು ಸ್ಕ್ಯಾನಿಂಗ್ ಮಾಡಿಸ್ಕೊಂಡು ಮನೆಗೆ ಬಂದಿದ್ದೆ, ರಿಪೋರ್ಟ್ ಸಂಜೆ ವಾಟ್ಸಾಪಲ್ಲಿ ಕಳಿಸ್ತೀವಿ ಅಂದಿದ್ರು, ಹೇಳಿದ ಟೈಮಿಗೆ ಕಳಿಸಿದ್ರು ಕೂಡ, ಆದ್ರೆ ಪಿಡಿಎಫ್ ತೆಗೆದು ನೋಡಿದ್ರೆ ಅದು ನನ್ನದಲ್ಲ. ಯಾರೋ ಬೇರೆ ಹೆಣ್ಣುಮಗಳದ್ದು. ಪೂರ್ತಿ ಹೆಸರು, ವಯಸ್ಸು, ಸ್ಕ್ಯಾನ್ ಬರೆದುಕೊಟ್ಟ ಡಾಕ್ಟರ ಹೆಸರು, ಎರಡನೇ ಪುಟದ ಕೊನೇಲಿ ದಪ್ಪ ಅಕ್ಷರದಲ್ಲಿ ಎರಡು ಸಾಲು. ಇದು ನಾನು ಓದೋ ವಿಷಯ ಅಲ್ಲ ಅಂತ ಹೊಳೆಯೋಷ್ಟರಲ್ಲಿ ಓದಿ ಆಗಿತ್ತು.

ತಕ್ಷಣ ಫೋನ್ ಮಾಡಿದೆ. ಆ ಕಡೆ ಇದ್ದ ಹುಡುಗ ಗಾಬರಿಯಾದ, ಪಾಪ. "ಅಯ್ಯೋ ಸಾರಿ ಮೇಡಂ, ಅದನ್ನ ಡಿಲೀಟ್ ಮಾಡ್ಬಿಡಿ, ನಿಮ್ಮದು ಈಗ್ಲೇ ಕಳಿಸ್ತೀನಿ" ಅಂದ. ಸರಿ, ಡಿಲೀಟ್ ಮಾಡ್ತೀನಿ, ಆದ್ರೆ ಅವರಿಗೆ ಹೀಗಾಯ್ತು ಅಂತ ಹೇಳ್ತೀರಾ ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು "ಅದೆಲ್ಲ ಯಾಕೆ ಮೇಡಂ, ಸುಮ್ನೆ ಟೆನ್ಷನ್ ಮಾಡ್ಕೋತಾರೆ, ದಯವಿಟ್ಟು ಯಾರಿಗೂ ಹೇಳ್ಬೇಡಿ, ನನ್ನ ಕೆಲಸಕ್ಕೆ ತೊಂದರೆ ಆಗತ್ತೆ" ಅಂದ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ನೂರಾರು ರಿಪೋರ್ಟ್ ಕಳಿಸೋ ಕೈ ಒಂದು ಸಲ ಜಾರಿದ್ರೆ ಅದು ಮನುಷ್ಯರು ಮಾಡೋ ತಪ್ಪೇ. ನನ್ನ ತಲೇಲಿ ಉಳಿದುಹೋಗಿದ್ದು ಅವನ ಕೊನೇ ಮಾತು. ತಪ್ಪು ಆಗಿದೆ ಅಂತ ಅವನಿಗೆ ಗೊತ್ತು, ನನಗೂ ಗೊತ್ತು, ಯಾರಿಗೆ ಗೊತ್ತಾಗ್ಲೇಬೇಕಿತ್ತೋ ಆ ಹೆಣ್ಣುಮಗಳಿಗೆ ಮಾತ್ರ ಗೊತ್ತಿಲ್ಲ. ಪೇಷೆಂಟ್ ಪ್ರೈವೆಸಿ ಅಂದ್ರೆ ನಾವೆಲ್ಲ ಹ್ಯಾಕರ್‌ಗಳ ಬಗ್ಗೆ, ಸರ್ವರ್‌ಗಳ ಬಗ್ಗೆ ಮಾತಾಡ್ತೀವಿ, ಅದೂ ದೊಡ್ಡ ವಿಷಯಾನೇ, ಆದ್ರೆ ಆಸ್ಪತ್ರೆಗಳಲ್ಲಿ ದಿನಾ ನಡೆಯೋ ಸೋರಿಕೆ ಇಂಥದ್ದು, ಮತ್ತೆ ಅದು ಸಣ್ಣದಾಗಿ ಮುಗಿಯತ್ತಾ ದೊಡ್ಡದಾಗತ್ತಾ ಅನ್ನೋದು ತಪ್ಪಾದ ಮೇಲಿನ ಮೊದಲ ಕೆಲವು ಗಂಟೆಯಲ್ಲಿ ಯಾರು ಯಾರಿಗೆ ಏನು ಹೇಳಿದ್ರು ಅನ್ನೋದರ ಮೇಲೆ ನಿಂತಿರತ್ತೆ. ಈ ಲೇಖನ ಅದರ ಬಗ್ಗೆ.

ಸೋರೋದು ಎಲ್ಲೆಲ್ಲಿ

ಮೊದಲು ಬಾಯಿಂದ. 1995ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು, ಸಂಶೋಧಕರು ಐದು ಆಸ್ಪತ್ರೆಗಳ ಲಿಫ್ಟಲ್ಲಿ ಸುಮ್ಮನೆ ನಿಂತು ಮೇಲೆ ಕೆಳಗೆ ಓಡಾಡಿದ್ರು, ಅಷ್ಟೇ ಅವರು ಮಾಡಿದ್ದು. 259 ಸಲ ಓಡಾಡಿದ್ರಲ್ಲಿ 36 ಸಲ, ಅಂದ್ರೆ ಸುಮಾರು ಶೇಕಡ 14ರಷ್ಟು ಸಲ, ಸಿಬ್ಬಂದಿ ಆಡಬಾರದ ಮಾತು ಆಡಿದ್ದು ಕಿವಿಗೆ ಬಿತ್ತು, ಅದರಲ್ಲಿ ಪೇಷೆಂಟ್‌ಗಳ ಗುಟ್ಟು ಹೊರಗೆ ಬೀಳೋಂಥ ಮಾತುಗಳೇ ಜಾಸ್ತಿ. ಅದೇ ಲಿಫ್ಟಲ್ಲಿ ಆ ಪೇಷೆಂಟಿನ ತಮ್ಮನೋ ಪಕ್ಕದ್ಮನೆಯವರೋ ಇರಬಹುದು ಅಂತ ಆಡೋರಿಗೆ ಹೊಳೆಯೋದೇ ಇಲ್ಲ, ಯಾಕಂದ್ರೆ ಅವರಿಗೆ ಅದು ಆಫೀಸ್ ಮಾತು. "12ನೇ ಬೆಡ್‌ದು ಪಾಸಿಟಿವ್ ಬಂತಂತೆ" ಅನ್ನೋಕೆ ಎರಡು ಸೆಕೆಂಡ್ ಸಾಕು. ಹೆಸರು ಹೇಳಿಲ್ವಲ್ಲ ಅಂತ ಅವರಿಗೆ ಸಮಾಧಾನ, ಆದ್ರೆ 12ನೇ ಬೆಡ್ಡಲ್ಲಿ ಯಾರಿದಾರೆ ಅಂತ ಆ ವಾರ್ಡಿನ ಪ್ರತಿಯೊಬ್ಬರಿಗೂ ಗೊತ್ತಿರತ್ತೆ.

ರೌಂಡ್ಸ್ ಟೈಮಲ್ಲೂ ಹೀಗೇ. ಡಾಕ್ಟರು, ಅವರ ಹಿಂದೆ ಜೂನಿಯರ್‌ಗಳು, ಸಿಸ್ಟರ್, ಎಲ್ಲ ಬೆಡ್ಡಿನ ಸುತ್ತ ನಿಂತ್ಕೊಂಡು ಪರದೆ ಎಳೆದುಬಿಟ್ರೆ ಪ್ರೈವೆಸಿ ಕೊಟ್ಟ ಹಾಗಾಯ್ತು ಅಂದ್ಕೋತಾರೆ. ಪರದೆಗೆ ಕಣ್ಣು ತಡೆಯೋ ಶಕ್ತಿ ಇದೆ, ಕಿವಿ ತಡೆಯೋ ಶಕ್ತಿ ಇಲ್ಲ. ಕುಡಿಯೋ ಅಭ್ಯಾಸ ಇದ್ಯಾ, ಹಿಂದೆ ಅಬಾರ್ಷನ್ ಆಗಿತ್ತಾ, ಮಾನಸಿಕ ತೊಂದರೆಗೆ ಮಾತ್ರೆ ತಗೋತಿದ್ರಾ, ಈ ಪ್ರಶ್ನೆಗಳನ್ನೆಲ್ಲ ಅಲ್ಲೇ ಕೇಳ್ತಾರೆ, ಪೇಷೆಂಟು ಪಕ್ಕದ ಬೆಡ್ ಕಡೆ ಒಂದು ಸಲ ನೋಡಿ "ಇಲ್ಲ" ಅಂದುಬಿಡ್ತಾರೆ. ಆ ಒಂದು ಸುಳ್ಳು "ಇಲ್ಲ" ಕೇಸ್ ಶೀಟಿಗೆ ಹೋಗತ್ತೆ, ಅದರ ಆಧಾರದ ಮೇಲೆ ಔಷಧಿ ತೀರ್ಮಾನ ಆಗತ್ತೆ. ಅದಕ್ಕೇ ಪ್ರೈವೆಸಿ ಅನ್ನೋದು ಮರ್ಯಾದೆಯ ವಿಷಯ ಮಾತ್ರ ಅಲ್ಲ, ಚಿಕಿತ್ಸೆ ಸರಿಯಾಗಿ ಆಗೋಕೂ ಅದು ಬೇಕು. ಪೇಷೆಂಟ್ ಬಿಚ್ಚಿ ಹೇಳದಿದ್ರೆ ಡಾಕ್ಟರ್ ಕುರುಡು ಕೈಯಲ್ಲಿ ಹುಡುಕಿದ ಹಾಗೆ.

ಆಮೇಲೆ ಕಾಗದ, ಮಿಷಿನ್ನು. 2017ರಲ್ಲಿ ಅಮೆರಿಕದ ಏಟ್ನಾ ಅನ್ನೋ ವಿಮಾ ಕಂಪನಿ ಸುಮಾರು 12 ಸಾವಿರ ಜನಕ್ಕೆ ಕಾಗದ ಕಳಿಸ್ತು, ವಿಳಾಸ ಕಾಣೋಕೆ ಕವರಿನ ಮೇಲೆ ಪ್ಲಾಸ್ಟಿಕ್ ಕಿಟಕಿ ಇರತ್ತಲ್ಲ, ಒಳಗಿನ ಹಾಳೆ ಸ್ವಲ್ಪ ಸರಿದ್ರೆ ಆ ಕಿಟಕಿಯಿಂದ ಎಚ್‌ಐವಿ ಔಷಧಿ ಬಗ್ಗೆ ಬರೆದ ಸಾಲು ಹೊರಗೆ ಕಾಣ್ತಿತ್ತು. ಪೋಸ್ಟಿನವರು ನೋಡಿದ್ರು, ಮನೆಯವರು ನೋಡಿದ್ರು, ಜೊತೆಗೆ ರೂಮಲ್ಲಿದ್ದೋರು ನೋಡಿದ್ರು. ಯಾರೂ ಹ್ಯಾಕ್ ಮಾಡಿರಲಿಲ್ಲ, ಕವರಿನ ಕಿಟಕಿ ದೊಡ್ಡದಿತ್ತು ಅಷ್ಟೇ, ಕೋರ್ಟಲ್ಲಿ ಕೊನೆಗೆ 1 ಕೋಟಿ 70 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೋಬೇಕಾಯ್ತು. ಅದೇ ದೇಶದಲ್ಲಿ ಅಫಿನಿಟಿ ಅನ್ನೋ ಇನ್ನೊಂದು ಆರೋಗ್ಯ ಯೋಜನೆ ಬಾಡಿಗೆಗೆ ತಂದಿದ್ದ ಜೆರಾಕ್ಸ್ ಮಿಷಿನ್‌ಗಳನ್ನ ವಾಪಸ್ ಕೊಡುವಾಗ ಒಳಗಿನ ಹಾರ್ಡ್ ಡಿಸ್ಕ್ ಅಳಿಸಿರಲಿಲ್ಲ, ಅದರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರ ಇದ್ದಿರಬಹುದು ಅಂತ ಲೆಕ್ಕ ಬಂತು, 2013ರಲ್ಲಿ 12 ಲಕ್ಷ ಡಾಲರಿಗೂ ಜಾಸ್ತಿ ಕಟ್ಟಿದ್ರು. ಜೆರಾಕ್ಸ್ ಮಿಷಿನ್ನಿಗೆ ನೆನಪಿನ ಶಕ್ತಿ ಇದೆ ಅಂತ ಎಷ್ಟು ಜನಕ್ಕೆ ಗೊತ್ತು ಹೇಳಿ.

ಮೂರು ಬೇರೆ ಬೇರೆ ವಿಷಯ, ಒಂದೇ ಬುಟ್ಟಿಗೆ ಹಾಕ್ಬೇಡಿ

ಆಸ್ಪತ್ರೆಗಳು ಇಲ್ಲಿ ಮಾಡೋ ದೊಡ್ಡ ತಪ್ಪು ಅಂದ್ರೆ ಎಲ್ಲದಕ್ಕೂ ಒಂದೇ ಅಳತೆ.

ಒಂದು, ಎಷ್ಟು ಎಚ್ಚರ ವಹಿಸಿದ್ರೂ ಕೆಲಸದ ಜೊತೆಗೇ ಸ್ವಲ್ಪ ಸೋರೋದು. ವೇಟಿಂಗ್ ಹಾಲಲ್ಲಿ ಹೆಸರು ಕೂಗ್ತಾರೆ, ಎಮರ್ಜೆನ್ಸಿಯಲ್ಲಿ ಪಕ್ಕದ ಬೆಡ್ಡಿಗೆ ಎರಡು ಮಾತು ಕೇಳಿಸತ್ತೆ. ಪೇಷೆಂಟ್ ಮಾಹಿತಿ ಕಾಪಾಡೋಕೆ ಇರೋ ಅಮೆರಿಕದ ಹಿಪಾ ಕಾನೂನು ಇದನ್ನ ಒಪ್ಪತ್ತೆ, ಸಾಧ್ಯ ಇರೋ ಎಚ್ಚರ ತಗೊಂಡಿದ್ರೆ ಇದು ಉಲ್ಲಂಘನೆ ಅಲ್ಲ ಅನ್ನತ್ತೆ. ಇದನ್ನೂ ಅಪರಾಧ ಅಂದುಬಿಟ್ರೆ ಆಸ್ಪತ್ರೆ ನಡೆಸೋಕೇ ಆಗಲ್ಲ. ಎರಡನೇದು ಕೈತಪ್ಪು, ನನ್ನ ಫೋನಿಗೆ ಬಂದ ರಿಪೋರ್ಟ್ ಥರದ್ದು. ಮೂರನೇದು ಬೇಕಂತಲೇ ಇಣುಕೋದು.

ಈ ಮೂರನೇದಕ್ಕೆ ಕೈತಪ್ಪು ಅನ್ನೋ ಹೆಸರು ಕೊಟ್ಟು ಬಚಾವಾಗೋಕೆ ಬಿಡಬಾರದು. ನೆದರ್ಲೆಂಡ್ಸ್‌ನ ಹೇಗ್ ನಗರದ ಹಾಗಾ ಆಸ್ಪತ್ರೆಗೆ ಟಿವಿಯಿಂದ ಹೆಸರಾದ ಒಬ್ಬರು ದಾಖಲಾದಾಗ ಅವರ ಚಿಕಿತ್ಸೆಗೂ ತಮಗೂ ಸಂಬಂಧ ಇಲ್ಲದ ಡಜನ್‌ಗಟ್ಟಲೆ ಸಿಬ್ಬಂದಿ ಅವರ ಫೈಲ್ ತೆಗೆದು ನೋಡಿದ್ರು, ಸುಮ್ನೆ ಕುತೂಹಲಕ್ಕೆ. 2019ರಲ್ಲಿ ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ಆ ಆಸ್ಪತ್ರೆಗೆ 4 ಲಕ್ಷ 60 ಸಾವಿರ ಯೂರೋ ದಂಡ ಹಾಕ್ತು. ಕಾರಣ ಏನು ಅಂತ ನೋಡಿದ್ರೆ, ಯಾರು ಯಾವ ಫೈಲ್ ತೆಗೆದ್ರು ಅನ್ನೋ ಲಾಗ್ ಇದ್ರೂ ಅದನ್ನ ಯಾರೂ ಸರಿಯಾಗಿ ಪರಿಶೀಲಿಸ್ತಿರಲಿಲ್ಲ, ಲಾಗಿನ್‌ಗೆ ಎರಡು ಹಂತದ ಖಾತರಿನೂ ಇರಲಿಲ್ಲ. ಸಿಸಿಟಿವಿ ಹಾಕಿಸಿ ರೆಕಾರ್ಡಿಂಗ್ ನೋಡದೇ ಇದ್ದ ಹಾಗೆ. ಪ್ರಸಿದ್ಧರು ಅಂತ ಅದು ಹೊರಗೆ ಬಂತು, ಸಹೋದ್ಯೋಗಿ ಫೈಲನ್ನೋ, ನೆಂಟರ ಫೈಲನ್ನೋ, ಮದುವೆ ಮಾತುಕತೆ ನಡೀತಿರೋ ಮನೆಯವರ ಫೈಲನ್ನೋ ಇಣುಕಿದ್ರೆ ಯಾರ ಕಣ್ಣಿಗೆ ಬೀಳತ್ತೆ? ಲಾಗ್ ನೋಡೋರಿದ್ರೆ ಮಾತ್ರ ಬೀಳತ್ತೆ.

ಪಾಸ್‌ವರ್ಡ್ ಹಂಚ್ಕೊಳ್ಳೋ ಅಭ್ಯಾಸ ಇದ್ದಲ್ಲಂತೂ ಲಾಗ್ ಇದ್ದೂ ಪ್ರಯೋಜನ ಇಲ್ಲ. ಒಂದೇ ಲಾಗಿನ್, ಮಾನಿಟರ್ ಅಂಚಿಗೆ ಅಂಟಿಸಿದ ಹಳದಿ ಚೀಟಿ, ಮೂರು ಶಿಫ್ಟಿನ ಸಿಸ್ಟರ್‌ಗಳೂ ಅದರಲ್ಲೇ ಕೆಲಸ ಮಾಡ್ತಾರೆ. ಅವರನ್ನ ಬೈದು ಉಪಯೋಗ ಇಲ್ಲ, ಪ್ರತಿ ಸಲ ಲಾಗಿನ್ ಆಗೋಕೆ ಮೂರು ನಿಮಿಷ ತಗೊಳ್ಳೋ ಸಾಫ್ಟ್‌ವೇರ್ ಕೊಟ್ಟು, ಒಬ್ಬೊಬ್ಬರಿಗೆ ಇಪ್ಪತ್ತು ಪೇಷೆಂಟ್ ಕೊಟ್ಟು, ನಿಯಮ ಪಾಲಿಸಿ ಅಂದ್ರೆ ಅವರಿಗೆ ಎದುರಿಗಿರೋ ಪೇಷೆಂಟ್ ಮುಖ್ಯ ಆಗತ್ತೆ. ಆಗ್ಲೂ ಬೇಕು.

ಹೆಸರು ಅಳಿಸಿದೀವಲ್ಲ ಅನ್ನೋ ಸಮಾಧಾನ

ಈಗ ಡಾಕ್ಟರ್‌ಗಳ ವಾಟ್ಸಾಪ್ ಗ್ರೂಪ್ ಇಲ್ಲದ ಆಸ್ಪತ್ರೆನೇ ಇಲ್ಲ ಅನ್ನಬಹುದು. ಅದರಿಂದ ಜೀವ ಉಳಿದಿದೆ, ರಾತ್ರಿ ಎರಡು ಗಂಟೆಗೆ ಒಂದು ಇಸಿಜಿ ಫೋಟೋ ಕಳಿಸಿದ್ರೆ ಸೀನಿಯರ್ ಮನೆಯಿಂದಲೇ ನೋಡಿ ಹೇಳ್ತಾರೆ. ನಾನು ಅದನ್ನ ನಿಲ್ಲಿಸಿ ಅನ್ನೋ ಪೈಕಿ ಅಲ್ಲ. ಆದ್ರೆ ಆ ಫೋಟೋ ಏನಾಗತ್ತೆ ಅಂತ ಯೋಚಿಸಿ, ಅದು ಗ್ರೂಪಲ್ಲಿರೋ ಎಲ್ಲರ ಫೋನಿನ ಗ್ಯಾಲರಿಗೆ ಇಳಿಯತ್ತೆ, ಅಲ್ಲಿಂದ ತಾನಾಗೇ ಕ್ಲೌಡಿಗೆ ಹೋಗತ್ತೆ, ಕೆಲಸ ಬಿಟ್ಟು ಹೋದವರು ಗ್ರೂಪಲ್ಲೇ ಇರ್ತಾರೆ, ಮನೇಲಿ ಮಗು ಫೋನ್ ತಗೊಂಡು ಆಡ್ತಾ ಫೋಟೋ ನೋಡತ್ತೆ.

ಹೆಸರು ಕತ್ತರಿಸಿ ಹಾಕಿದೀವಿ, ಇನ್ನೇನು ಅಂತಾರೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನ ಹೆಸರು, ವಿಳಾಸ ತೆಗೆದು ಸಂಶೋಧನೆಗೆ ಅಂತ ಕೊಡ್ತು. ಆಗ ಇನ್ನೂ ವಿದ್ಯಾರ್ಥಿನಿ ಆಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಮತದಾರರ ಪಟ್ಟಿ ತಗೊಂಡು, ಹುಟ್ಟಿದ ದಿನಾಂಕ, ಪಿನ್‌ಕೋಡ್ ಥರದ ಅಂಚೆ ಸಂಖ್ಯೆ, ಗಂಡೋ ಹೆಣ್ಣೋ, ಈ ಮೂರನ್ನ ಎರಡೂ ಕಡೆ ಹೊಂದಿಸಿ ನೋಡಿ ಆಗಿನ ರಾಜ್ಯಪಾಲ ವಿಲಿಯಂ ವೆಲ್ಡ್ ಅವರ ದಾಖಲೆ ಯಾವುದು ಅಂತ ಬೆರಳಿಟ್ಟು ತೋರಿಸಿದ್ರು. ಆಮೇಲೆ ಅವರೇ ಲೆಕ್ಕ ಹಾಕಿದ ಪ್ರಕಾರ ಈ ಮೂರೇ ವಿವರದಿಂದ ಅಮೆರಿಕದ ಶೇಕಡ 87ರಷ್ಟು ಜನರನ್ನ ಗುರುತಿಸಬಹುದಾಗಿತ್ತು. ಇನ್ನು ಒಂದು ಅಪರೂಪದ ಗಾಯ, ಕೈ ಮೇಲಿನ ಹಚ್ಚೆ, ಎಕ್ಸ್‌ರೇ ಮೂಲೇಲಿ ಇರೋ ತಾರೀಖು, ಜೊತೆಗೆ "ನಿನ್ನೆ ರಾತ್ರಿ ಆಕ್ಸಿಡೆಂಟ್ ಕೇಸ್" ಅನ್ನೋ ಒಂದು ಸಾಲು ಇದ್ರೆ ಗುರುತು ಹಿಡಿಯೋಕೆ ಲೆಕ್ಕಾಚಾರನೂ ಬೇಕಿಲ್ಲ, ಅವರನ್ನ ಬಲ್ಲ ಒಬ್ಬರಿದ್ರೆ ಸಾಕು.

ಅದೇ ತಪ್ಪು, ಎರಡನೇ ಸಲ

ಇದು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು, ಸ್ವಲ್ಪ ನಿಧಾನವಾಗಿ ನೋಡೋಣ.

2015ರ ಸೆಪ್ಟೆಂಬರಲ್ಲಿ ಲಂಡನ್ನಿನ 56 ಡೀನ್ ಸ್ಟ್ರೀಟ್ ಅನ್ನೋ ಲೈಂಗಿಕ ಆರೋಗ್ಯ ಕ್ಲಿನಿಕ್ಕಿಂದ ಒಂದು ಸುದ್ದಿಪತ್ರ ಇಮೇಲಲ್ಲಿ ಹೋಯ್ತು. ತಗೊಳ್ಳೋರಲ್ಲಿ ಬಹುತೇಕರು ಎಚ್‌ಐವಿ ಇರೋರು. ಕಳಿಸಿದವರು ಎಲ್ಲರ ವಿಳಾಸನೂ ಒಬ್ಬರದ್ದು ಒಬ್ಬರಿಗೆ ಕಾಣದ ಬಿಸಿಸಿ ಜಾಗದಲ್ಲಿ ಹಾಕೋ ಬದಲು "ಟು" ಅನ್ನೋ ಜಾಗದಲ್ಲಿ ಹಾಕಿಬಿಟ್ರು. 780 ಜನರ ಆಸುಪಾಸು, ಅದರಲ್ಲಿ ಹೆಚ್ಚಿನವರ ಇಮೇಲಲ್ಲಿ ಪೂರ್ತಿ ಹೆಸರೇ ಇತ್ತು, ಎಲ್ಲರಿಗೂ ಎಲ್ಲರ ಹೆಸರೂ ಸಿಕ್ತು. ಒಂದೇ ಊರಲ್ಲಿರೋರು, ಒಬ್ಬರಿಗೊಬ್ಬರು ಪರಿಚಯ ಇರೋರು. ಮುಂದಿನ ವರ್ಷ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 1 ಲಕ್ಷ 80 ಸಾವಿರ ಪೌಂಡ್ ದಂಡ ಹಾಕಿದಾಗ ಒಂದು ವಿಷಯ ಹೊರಬಿತ್ತು, ಆ ಕ್ಲಿನಿಕ್ ನಡೆಸೋ ಟ್ರಸ್ಟಲ್ಲೇ 2010ರಲ್ಲೂ ಇದೇ ತಪ್ಪಾಗಿತ್ತು, ಆಗ 17 ಪೇಷೆಂಟ್‌ಗಳಿಗೆ ಕಳಿಸಿದ ಇಮೇಲು, ಅದೇ "ಟು" ಜಾಗ. ಅವತ್ತು ಏನೋ ಒಂದಿಷ್ಟು ತೇಪೆ ಹಚ್ಚಿ ಸುಮ್ಮನಾಗಿದ್ರು.

ನ್ಯೂಯಾರ್ಕಿನ ಸೇಂಟ್ ಲ್ಯೂಕ್ಸ್ ರೂಸ್ವೆಲ್ಟ್ ಆಸ್ಪತ್ರೆಯದ್ದು ಇನ್ನೂ ಸಂಕಟ ಆಗತ್ತೆ. ಪೇಷೆಂಟ್ ತಮ್ಮ ದಾಖಲೆಯನ್ನ ಒಂದು ಪೋಸ್ಟ್ ಬಾಕ್ಸಿಗೆ ಕಳಿಸಿ ಅಂತ ಕೇಳಿದ್ರು, ಸಿಬ್ಬಂದಿ ಅದನ್ನ ಅವರು ಕೆಲಸ ಮಾಡೋ ಆಫೀಸಿಗೆ ಫ್ಯಾಕ್ಸ್ ಮಾಡಿದ್ರು. ಎಚ್‌ಐವಿ ಇರೋದು, ಮಾನಸಿಕ ಆರೋಗ್ಯದ ವಿವರ, ಲೈಂಗಿಕ ಒಲವು, ಎಲ್ಲ ಆಫೀಸ್ ಫ್ಯಾಕ್ಸ್ ಮಿಷಿನ್ನಿಂದ ಹೊರಗೆ ಬಂತು. 2017ರಲ್ಲಿ ಆಸ್ಪತ್ರೆ 3 ಲಕ್ಷ 87 ಸಾವಿರ ಡಾಲರ್ ಕಟ್ಟಿ ಇತ್ಯರ್ಥ ಮಾಡ್ಕೊಳ್ತು, ತನಿಖೆಯಲ್ಲಿ ಗೊತ್ತಾಗಿದ್ದು ಒಂಬತ್ತು ತಿಂಗಳ ಹಿಂದೆ ಅದೇ ಕೇಂದ್ರದಲ್ಲಿ ಇದೇ ಜಾತಿಯ ಇನ್ನೊಂದು ಸೋರಿಕೆ ಆಗಿತ್ತು, ಅದಕ್ಕೆ ಕಾರಣವಾದ ದೋಷ ಸರಿಪಡಿಸಿರಲಿಲ್ಲ ಅಂತ.

ಎರಡೂ ಕಡೆ ಮೊದಲನೇ ತಪ್ಪು ಎಚ್ಚರಿಕೆ ಗಂಟೆ ಆಗಿತ್ತು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಲ್ಲಿ ಅದು ಕನಿಷ್ಠ ಗೊತ್ತಾದ್ರೂ ಇತ್ತು. ನನಗೆ ಫೋನಲ್ಲಿ "ಯಾರಿಗೂ ಹೇಳ್ಬೇಡಿ" ಅಂದನಲ್ಲ ಆ ಹುಡುಗ, ಅವನ ತಪ್ಪು ಆಸ್ಪತ್ರೆಯ ಯಾವ ಪುಸ್ತಕದಲ್ಲೂ ಬರೆದಿರಲ್ಲ. ಆ ರಿಪೋರ್ಟ್ ಯಾಕೆ ತಪ್ಪಿ ಬಂತು? ನನ್ನ ಮತ್ತು ಅವರ ಹೆಸರು ಒಂದೇ ಥರ ಇತ್ತಾ, ನಂಬರ್ ಟೈಪ್ ಮಾಡುವಾಗ ಒಂದಂಕಿ ಹೋಯ್ತಾ, ಸಾಫ್ಟ್‌ವೇರಲ್ಲಿ ಹಿಂದಿನ ಪೇಷೆಂಟಿನ ಫೈಲ್ ಹಾಗೇ ಅಂಟ್ಕೊಂಡಿತ್ತಾ? ಹೇಳಿದ್ರೆ ಕೆಲಸ ಹೋಗತ್ತೆ ಅನ್ನೋ ಕಡೆ ಈ ಪ್ರಶ್ನೆ ಯಾರೂ ಕೇಳಲ್ಲ, ನಾಳೆ ಅದೇ ಕುರ್ಚೀಲಿ ಇನ್ನೊಬ್ಬ ಕೂತು ಅದೇ ತಪ್ಪು ಮಾಡ್ತಾನೆ.

ವಿಮಾನಯಾನದವರು ಇದನ್ನ ಬಹಳ ಹಿಂದೇನೇ ಅರ್ಥ ಮಾಡ್ಕೊಂಡ್ರು. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸೋ ಒಂದು ವ್ಯವಸ್ಥೆ ಇದೆ, ಪೈಲಟ್‌ಗಳು, ಕಂಟ್ರೋಲರ್‌ಗಳು ತಮ್ಮದೇ ತಪ್ಪನ್ನ ಬರೆದು ಕಳಿಸಬಹುದು, ಹೆಸರು ಗುಟ್ಟಾಗಿರತ್ತೆ, ಬೇಕಂತ ಮಾಡದ ತಪ್ಪಾದ್ರೆ ಸಾಮಾನ್ಯವಾಗಿ ಶಿಕ್ಷೆಯಿಂದ ರಕ್ಷಣೆನೂ ಸಿಗತ್ತೆ. ಪೆಟ್ಟಾಗದೇ ತಪ್ಪಿಹೋದ ಘಟನೆಗಳಿಂದಲೇ ಅವರು ಕಲಿಯೋದು. ಆಸ್ಪತ್ರೆಗಳೂ ಕೈತಪ್ಪನ್ನ ಹೇಳಿಕೊಂಡವರನ್ನ ಕಾಪಾಡಬೇಕು, ಇಣುಕಿದವರನ್ನ, ಮುಚ್ಚಿಟ್ಟವರನ್ನ ಶಿಕ್ಷಿಸಬೇಕು. ಈಗ ಬಹಳ ಕಡೆ ನಡೀತಿರೋದು ತಲೆಕೆಳಗು, ಹೇಳಿದವನಿಗೆ ಮೆಮೋ ಸಿಗತ್ತೆ, ಇಣುಕಿದವನ ಬಗ್ಗೆ ಯಾರಿಗೂ ಗೊತ್ತೇ ಆಗಲ್ಲ.

ಆ ಮೊದಲ ಗಂಟೆ

ತಪ್ಪಾಗಿದೆ ಅಂತ ಗೊತ್ತಾದ ಕ್ಷಣ ಮೊದಲ ಕೆಲಸ ಸೋರೋದನ್ನ ನಿಲ್ಲಿಸೋದು. ಮೆಸೇಜ್ ಎಲ್ಲರ ಕಡೆಯಿಂದ ಅಳಿಸೋದು, ಲಿಂಕ್ ಬಂದ್ ಮಾಡೋದು, ಹಾಳೆ ತಪ್ಪಿ ಹೋಗಿದ್ರೆ ಒಬ್ಬರನ್ನ ಕಳಿಸಿ ವಾಪಸ್ ತರಿಸೋದು. ಇಮೇಲ್ ವಾಪಸ್ ಕರೆಸೋ ಬಟನ್ ನಂಬ್ಕೊಂಡು ಕೂರಬಾರದು, ಬೇರೆ ಕಂಪನಿಯ ಇಮೇಲಿಗೆ ಹೋದ ಮೇಲೆ ಅದು ಸಾಮಾನ್ಯವಾಗಿ ಕೆಲಸ ಮಾಡಲ್ಲ, "ಹಿಂದಿನ ಇಮೇಲ್ ಓದಬೇಡಿ" ಅಂತ ಇನ್ನೊಂದು ಕಳಿಸಿದ್ರೆ ಓದದೇ ಬಿಟ್ಟಿದ್ದವರೂ ತೆಗೆದು ಓದ್ತಾರೆ. ತಪ್ಪಾಗಿ ಪಡೆದವರಿಗೆ ನೇರ ಫೋನ್ ಮಾಡಿ, ಮರ್ಯಾದೆಯಿಂದ, ನೀವು ನೋಡಿದ್ರಾ, ಯಾರಿಗಾದ್ರೂ ಕಳಿಸಿದ್ರಾ, ಫೋನಲ್ಲಿ ಡೌನ್‌ಲೋಡ್ ಆಗಿದ್ಯಾ, ಅಳಿಸಿ ಅದನ್ನ ಬರೆದು ತಿಳಿಸ್ತೀರಾ ಅಂತ ಕೇಳಬೇಕು. ನನ್ನ ಕೇಸಲ್ಲಿ ಇದ್ಯಾವುದೂ ಕೇಳಲಿಲ್ಲ. ಡಿಲೀಟ್ ಮಾಡಿ ಅಂದ್ರು, ಮಾಡಿದ್ನಾ ಇಲ್ವಾ ಅಂತ ಇವತ್ತಿಗೂ ಅವರಿಗೆ ಗೊತ್ತಿಲ್ಲ.

ಅದರ ಜೊತೆಜೊತೆಗೇ ಮೇಲಿನವರಿಗೆ ತಿಳಿಸಬೇಕು, ನಾಳೆ ಬೆಳಗ್ಗೆ ಅಲ್ಲ, ಈಗ. ಸಾಕ್ಷಿ ಅಳಿಸಬಾರದು, ಎಷ್ಟು ಗಂಟೆಗೆ ಯಾರಿಗೆ ಏನು ಹೋಯ್ತು ಅನ್ನೋದನ್ನ ನೆನಪು ಹಸಿಯಾಗಿರುವಾಗಲೇ ಬರೆದಿಡಬೇಕು. ಆಮೇಲೆ ಅಪಾಯ ಎಷ್ಟು ಅಂತ ತೂಗಬೇಕು, ಅದಕ್ಕೆ ಹಿಪಾದಲ್ಲಿ ಇರೋ ನಾಲ್ಕು ಪ್ರಶ್ನೆ ಯಾವ ದೇಶದಲ್ಲಾದ್ರೂ ಉಪಯೋಗಕ್ಕೆ ಬರತ್ತೆ: ಹೊರಗೆ ಹೋಗಿದ್ದು ಎಂಥ ಮಾಹಿತಿ, ಅದು ಯಾರ ಕೈಗೆ ಹೋಯ್ತು, ಅವರು ನಿಜವಾಗ್ಲೂ ಅದನ್ನ ನೋಡಿದ್ರಾ ಇಟ್ಕೊಂಡ್ರಾ, ಅಪಾಯ ಕಮ್ಮಿ ಮಾಡೋಕೆ ಎಷ್ಟರಮಟ್ಟಿಗೆ ಆಯ್ತು. ಒಬ್ಬ ಡಾಕ್ಟರಿಗೆ ಹೋಗಬೇಕಾದ ರಿಪೋರ್ಟ್ ಅದೇ ಆಸ್ಪತ್ರೆಯ ಇನ್ನೊಬ್ಬ ಡಾಕ್ಟರಿಗೆ ಹೋಗಿ ಅವರು ಅಲ್ಲೇ ಅಳಿಸಿದ್ರೆ ಅದೊಂದು ಮಾತು, ಅದೇ ರಿಪೋರ್ಟ್ ಪೇಷೆಂಟಿನ ವಿಚ್ಛೇದಿತ ಗಂಡನ ಫೋನಿಗೆ ಹೋದ್ರೆ ಪೂರ್ತಿ ಬೇರೆ ಮಾತು. ಕಾಲು ಮುರಿದ ಎಕ್ಸ್‌ರೇಗೂ ಗರ್ಭಧಾರಣೆ ರಿಪೋರ್ಟಿಗೂ ಕಾಗದ ಒಂದೇ ಸೈಜ್ ಇರಬಹುದು, ತೂಕ ಒಂದಲ್ಲ.

ಕಾನೂನುಗಳ ಗಡಿಯಾರ ಒಂದೊಂದು ಕಡೆ ಒಂದೊಂದು ಥರ. ಯುರೋಪಿನ ಜಿಡಿಪಿಆರ್ ಅನ್ನೋ ದತ್ತಾಂಶ ರಕ್ಷಣಾ ಕಾನೂನು, 2018ರ ಮೇನಲ್ಲಿ ಜಾರಿಗೆ ಬಂದಿದ್ದು, ಗೊತ್ತಾದ 72 ಗಂಟೆಯೊಳಗೆ ಪ್ರಾಧಿಕಾರಕ್ಕೆ ತಿಳಿಸಿ ಅನ್ನತ್ತೆ, ಜನಕ್ಕೆ ದೊಡ್ಡ ಅಪಾಯ ಇದ್ರೆ ಅವರಿಗೂ ತಡಮಾಡದೆ ಹೇಳ್ಬೇಕು. ಅಮೆರಿಕದಲ್ಲಿ ಪೇಷೆಂಟಿಗೆ ತಿಳಿಸೋಕೆ ಗರಿಷ್ಠ 60 ದಿನ, ಒಂದು ರಾಜ್ಯದ 500ಕ್ಕಿಂತ ಹೆಚ್ಚು ಜನರದ್ದಾದ್ರೆ ಮಾಧ್ಯಮಕ್ಕೂ ಹೇಳಬೇಕು. ನನಗೆ ಕೇಳಿದ್ರೆ 60 ದಿನ ಬಹಳ ಉದ್ದ ಆಯ್ತು, ಅಷ್ಟರಲ್ಲಿ ಸುದ್ದಿ ಬೀದಿ ಸುತ್ತಿ ಮನೆಗೆ ಬಂದಿರತ್ತೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೊಂದು ದಾರಿ ಹಿಡಿದಿದೆ, ಅಪಾಯ ಸಣ್ಣದಾ ದೊಡ್ಡದಾ ಅಂತ ನೋಡದೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ತೊಂದರೆಗೊಳಗಾದ ಪ್ರತಿಯೊಬ್ಬರಿಗೂ ತಿಳಿಸಲೇಬೇಕು, ತಿಳಿಸದಿದ್ರೆ ದಂಡ ₹200 ಕೋಟಿವರೆಗೆ. ಅದರ ನಿಯಮಗಳು 2025ರ ನವೆಂಬರಲ್ಲಿ ಪ್ರಕಟ ಆದ್ವು, ಈ ಭಾಗ ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳು ಕೊಟ್ಟಿದಾರೆ. ಆದ್ರೆ ಹೆಸರೇ ಹೇಳೋ ಹಾಗೆ ಅದು ಡಿಜಿಟಲ್ ದತ್ತಾಂಶಕ್ಕೆ ಮಾತ್ರ, ಟ್ರಾಲಿ ಮೇಲೆ ಯಾರು ಬೇಕಾದ್ರೂ ತಿರುವಿ ಹಾಕೋ ಹಾಗೆ ಬಿದ್ದಿರೋ ಕಾಗದದ ಕೇಸ್ ಶೀಟ್ ಕಂಪ್ಯೂಟರಿಗೆ ಏರೋವರೆಗೆ ಅದರೊಳಗೆ ಬರಲ್ಲ. ಅದಕ್ಕೆ 2017ರ ಎಚ್‌ಐವಿ ಕಾಯ್ದೆ, ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ವೈದ್ಯರ ವೃತ್ತಿ ನಿಯಮಗಳನ್ನ ನೆಚ್ಚಿಕೋಬೇಕು.

ಪೇಷೆಂಟಿಗೆ ಹೇಗೆ ಹೇಳೋದು

ಹೇಳಿದ್ರೆ ಟೆನ್ಷನ್ ಮಾಡ್ಕೋತಾರೆ ಅನ್ನೋ ವಾದ ಇದೆಯಲ್ಲ, ಅದು ಕೇಳೋಕೆ ಕರುಣೆ ಥರ ಇರತ್ತೆ. ಆದ್ರೆ ಫಿನ್ಲೆಂಡಲ್ಲಿ ಏನಾಯ್ತು ನೋಡಿ. ವಸ್ತಾಮೋ ಅನ್ನೋ ಮನೋಚಿಕಿತ್ಸಾ ಸಂಸ್ಥೆ, ಮೂವತ್ತು ಸಾವಿರಕ್ಕೂ ಹೆಚ್ಚು ಜನ ತಮ್ಮ ಥೆರಪಿಸ್ಟ್ ಹತ್ರ ಕೂತು ಹೇಳಿಕೊಂಡ ಮಾತುಗಳ ಟಿಪ್ಪಣಿ ಅದರ ಕಂಪ್ಯೂಟರಲ್ಲಿ ಇತ್ತು. ಅದು ಕಳುವಾಯ್ತು. 2020ರ ಅಕ್ಟೋಬರಲ್ಲಿ ಕದ್ದವನು ಪೇಷೆಂಟ್‌ಗಳಿಗೇ ನೇರವಾಗಿ ಇಮೇಲ್ ಕಳಿಸಿ, ದುಡ್ಡು ಕೊಡಿ ಇಲ್ಲಾಂದ್ರೆ ನಿಮ್ಮ ಮಾತೆಲ್ಲ ಇಂಟರ್ನೆಟ್ಟಿಗೆ ಹಾಕ್ತೀನಿ ಅಂದ. ಬಹಳ ಜನಕ್ಕೆ ತಮ್ಮ ಗುಟ್ಟು ಹೊರಗೆ ಹೋಗಿದೆ ಅಂತ ಗೊತ್ತಾಗಿದ್ದು ಹಾಗೆ, ಸುಲಿಗೆ ಮಾಡೋನ ಬಾಯಿಂದ. ಸಂಸ್ಥೆಗೆ 2019ರ ಮಾರ್ಚಲ್ಲೇ ವಿಷಯ ಗೊತ್ತಾಗಿರಬೇಕು, ಆಗಲೇ ತಿಳಿಸಬೇಕಿತ್ತು ಅಂತ ಅಲ್ಲಿನ ದತ್ತಾಂಶ ರಕ್ಷಣಾ ಕಚೇರಿ ಆಮೇಲೆ ತೀರ್ಮಾನಿಸಿ 6 ಲಕ್ಷ 8 ಸಾವಿರ ಯೂರೋ ದಂಡ ಹಾಕ್ತು. ಸಂಸ್ಥೆ ಅಷ್ಟರಲ್ಲಿ ದಿವಾಳಿ ಆಗಿತ್ತು. ಕದ್ದವನಿಗೆ 2024ರಲ್ಲಿ ಆರು ವರ್ಷಕ್ಕೂ ಜಾಸ್ತಿ ಜೈಲು ಶಿಕ್ಷೆ ಆಯ್ತು, ಬಿದ್ದುಹೋದ ಮಾತುಗಳು ಮಾತ್ರ ವಾಪಸ್ ಬರಲಿಲ್ಲ.

ಮುಂಚೆನೇ ಗೊತ್ತಿದ್ರೆ ಪೇಷೆಂಟು ಏನಾದ್ರೂ ಮಾಡ್ಕೋಬಹುದು. ಮನೆಯವರಿಗೆ ತಾವೇ ಮೊದಲು ಹೇಳಬಹುದು, ಪಾಸ್‌ವರ್ಡ್ ಬದಲಾಯಿಸಬಹುದು, ಆಸ್ಪತ್ರೆ ಹೆಸರಲ್ಲಿ ಬರೋ ಮೋಸದ ಫೋನಿಗೆ ಹುಷಾರಾಗಿರಬಹುದು, ಹಿಂಸೆ ಮಾಡೋ ಸಂಗಾತಿ ಇದ್ರೆ ಬೇರೆ ಕಡೆ ಹೋಗಬಹುದು. ಟೆನ್ಷನ್ ಆಗತ್ತೆ ಅಂತ ಮುಚ್ಚಿಟ್ರೆ ಅವರ ಕೈಲಿದ್ದ ಈ ಟೈಮನ್ನ ಕಿತ್ಕೊಂಡ ಹಾಗಾಯ್ತು.

ಹೇಳೋದಾದ್ರೂ ಹೇಗೆ? ಲಾಯರ್ ಬರೆದುಕೊಟ್ಟ ಭಾಷೇಲಿ, "ತಮ್ಮ ಮಾಹಿತಿಯು ಅನಧಿಕೃತ ವ್ಯಕ್ತಿಗಳಿಗೆ ಲಭ್ಯವಾಗಿರುವ ಸಾಧ್ಯತೆ ಇರುತ್ತದೆ" ಅಂತ ಒಂದು ಕಾಗದ ಬಂದ್ರೆ ಯಾರಿಗೆ ಏನು ಅರ್ಥ ಆಗತ್ತೆ? ಅಧಿಕಾರ ಇರೋ ಒಬ್ಬರು ಫೋನ್ ಮಾಡಿ, ಮೊದಲು ಮಾತಾಡ್ತಿರೋದು ಪೇಷೆಂಟೇ ಅಂತ ಖಾತ್ರಿ ಮಾಡ್ಕೊಂಡು (ತಪ್ಪು ಹೇಳೋಕೆ ಹೋಗಿ ಗಂಡನಿಗೋ ಅತ್ತೆಗೋ ಹೇಳಿ ಇನ್ನೊಂದು ತಪ್ಪು ಮಾಡಬಾರದಲ್ಲ), ಈಗ ಮಾತಾಡೋಕೆ ಅನುಕೂಲನಾ ಅಂತ ಕೇಳಿ, ನೇರವಾಗಿ ಹೇಳ್ಬೇಕು: "ಇವತ್ತು ಸಂಜೆ ಆರು ಗಂಟೆಗೆ ನಿಮ್ಮ ಸ್ಕ್ಯಾನ್ ರಿಪೋರ್ಟ್ ನಮ್ಮ ತಪ್ಪಿಂದ ಇನ್ನೊಬ್ಬ ಪೇಷೆಂಟಿನ ಫೋನಿಗೆ ಹೋಯ್ತು. ಅವರೇ ಫೋನ್ ಮಾಡಿ ತಿಳಿಸಿದ್ರು, ಅಳಿಸಿದೀನಿ ಅಂತ ಬರೆದು ಕೊಟ್ಟಿದಾರೆ. ಅದರಲ್ಲಿ ನಿಮ್ಮ ಹೆಸರು, ವಯಸ್ಸು, ರಿಪೋರ್ಟಿನ ಪೂರ್ತಿ ವಿವರ ಇತ್ತು. ಇದು ನಮ್ಮಿಂದಾದ ತಪ್ಪು, ಕ್ಷಮೆ ಕೇಳ್ತೀವಿ. ಹೇಗಾಯ್ತು ಅಂತ ನೋಡ್ತಿದೀವಿ, ಶುಕ್ರವಾರ ಮತ್ತೆ ನಾನೇ ಫೋನ್ ಮಾಡ್ತೀನಿ, ನನ್ನ ನೇರ ನಂಬರ್ ಬರ್ಕೊಳ್ಳಿ." ಇಷ್ಟೇ. ಪಡೆದವರ ಹೆಸರು ಹೇಳಬಾರದು, ಅವರೂ ಪೇಷೆಂಟೇ. "ಏನೂ ಆಗಲ್ಲ ಬಿಡಿ" ಅನ್ನಬಾರದು, ಏನಾಗತ್ತೆ ಅನ್ನೋದು ಅವರ ಮನೆ ಅವರಿಗೆ ಗೊತ್ತು. ಶುಕ್ರವಾರ ಫೋನ್ ಮಾಡ್ತೀನಿ ಅಂದಮೇಲೆ ಏನೂ ಹೊಸದಿಲ್ಲದಿದ್ರೂ ಮಾಡಬೇಕು.

ತಪ್ಪೇ ಆಗದ ಹಾಗೆ

ಪೂರ್ತಿ ತಡೆಯೋಕೆ ಆಗಲ್ಲ, ಆದ್ರೆ ಬಹಳಷ್ಟನ್ನ ತಡೆಯಬಹುದು, ಅದಕ್ಕೆ ಪೋಸ್ಟರ್ ಅಂಟಿಸೋದಕ್ಕಿಂತ ಕೆಲಸದ ದಾರಿ ಬದಲಾಯಿಸೋದು ಮುಖ್ಯ. ಹೆಸರೊಂದನ್ನೇ ನೋಡದೆ ಹೆಸರಿನ ಜೊತೆ ಹುಟ್ಟಿದ ತಾರೀಖೋ ಆಸ್ಪತ್ರೆ ನಂಬರೋ ಹೊಂದಿಸಿ ಆಮೇಲೆ ಕಳಿಸೋದು. ಫೈಲಿಗೆ ಪೇಷೆಂಟಿಗೆ ಮಾತ್ರ ಗೊತ್ತಿರೋ ಪಾಸ್‌ವರ್ಡ್ ಹಾಕಿದ್ರೆ ತಪ್ಪು ನಂಬರಿಗೆ ಹೋದ್ರೂ ತೆರೆಯಲ್ಲ. ಗುಂಪಿಗೆ ಇಮೇಲ್ ಕಳಿಸೋಕೆ ಒಬ್ಬೊಬ್ಬರಿಗೆ ಬೇರೆ ಬೇರೆ ಹೋಗೋ ಸಾಫ್ಟ್‌ವೇರ್ ಇಟ್ರೆ ಡೀನ್ ಸ್ಟ್ರೀಟ್ ಥರದ ತಪ್ಪು ಮಾಡಬೇಕು ಅಂದ್ರೂ ಆಗಲ್ಲ. ಕಾರ್ಡ್ ತೋರಿಸಿದ್ರೆ ಮಾತ್ರ ಹಾಳೆ ಹೊರಗೆ ಬರೋ ಪ್ರಿಂಟರ್, ಎರಡು ನಿಮಿಷಕ್ಕೆ ತಾನೇ ಲಾಕ್ ಆಗೋ ಸ್ಕ್ರೀನ್, ಕೌಂಟರ್ ಎದುರು ಸಾಲು ನಿಲ್ಲೋರಿಗೆ ಸ್ವಲ್ಪ ಹಿಂದೆ ಎಳೆದ ಒಂದು ಗೆರೆ. ಚಿಕಿತ್ಸೆಗೆ ಸಂಬಂಧ ಇಲ್ಲದೋರು ಫೈಲ್ ತೆಗೆದ್ರೆ "ಯಾಕೆ ನೋಡ್ತಿದೀರಿ, ಕಾರಣ ಬರೀರಿ" ಅಂತ ಕೇಳೋ ಸ್ಕ್ರೀನು, ಎಮರ್ಜೆನ್ಸಿ ಆದ್ರೆ ಬರೆದು ಒಳಗೆ ಹೋಗಬಹುದು, ಆದ್ರೆ ಮಾರನೇ ದಿನ ಅದನ್ನ ಒಬ್ಬರು ಓದ್ತಾರೆ ಅಂತ ಎಲ್ಲರಿಗೂ ಗೊತ್ತಿರಬೇಕು. ಸೂಕ್ಷ್ಮ ವಿಷಯ ಮಾತಾಡೋಕೆ ಬಾಗಿಲಿರೋ ಒಂದು ಸಣ್ಣ ರೂಮು ಪ್ರತಿ ಮಹಡೀಲಿ ಬೇಕು, ಇದಕ್ಕೆ ಯಾವ ಟೆಕ್ನಾಲಜಿನೂ ಬೇಡ.

ಮನೆಯವರ ವಿಷಯಕ್ಕೆ ಬಂದ್ರೆ ಸಿಬ್ಬಂದಿಗೆ ಬಹಳ ಇಕ್ಕಟ್ಟು. ಫೋನ್ ಮಾಡಿ "ನಾನು ಅವರ ಅಣ್ಣ, ಏನಾಗಿದೆ ಹೇಳಿ" ಅಂತಾರೆ, ಅಳ್ತಿರ್ತಾರೆ, ನಿಜವಾಗ್ಲೂ ಅಣ್ಣನೇ ಇರಬಹುದು. ದಾಖಲಾಗುವಾಗಲೇ ಪೇಷೆಂಟನ್ನ ಕೇಳಿ ಯಾರಿಗೆ ಏನು ಹೇಳಬಹುದು ಅಂತ ಬರೆದಿಟ್ಟು, ಫೋನಿಗೆ ಒಂದು ಗುಟ್ಟಿನ ಪದ ಕೊಟ್ಟಿದ್ರೆ ಸಿಸ್ಟರಿಗೆ ಎಷ್ಟೋ ಹಗುರ ಆಗತ್ತೆ. ಪೇಷೆಂಟ್ ತೀರಿಕೊಂಡ್ರೂ ಈ ಹೊಣೆ ಮುಗಿಯಲ್ಲ, ವಿಶ್ವ ವೈದ್ಯಕೀಯ ಸಂಘದ ಜಿನೀವಾ ಘೋಷಣೆಯಲ್ಲಿ ವೈದ್ಯರು ಮಾಡೋ ಪ್ರತಿಜ್ಞೆಯಲ್ಲೇ ಅದು ಇದೆ, ತಮಗೆ ಒಪ್ಪಿಸಿದ ಗುಟ್ಟನ್ನ ಪೇಷೆಂಟ್ ಸತ್ತ ಮೇಲೂ ಕಾಪಾಡ್ತೀನಿ ಅಂತ.

ಪೇಷೆಂಟ್‌ಗಳಾದ ನಾವೂ ಕೇಳಬಹುದು. ಡಾಕ್ಟರ್ ಜೋರಾಗಿ ಕೇಳಿದ್ರೆ "ಇದನ್ನ ಒಳಗೆ ಮಾತಾಡೋಣ್ವಾ" ಅನ್ನಬಹುದು, ನಂಬರ್ ಸರಿಯಾಗಿದ್ಯಾ ಅಂತ ಕೌಂಟರಲ್ಲಿ ಒಂದು ಸಲ ಸ್ಕ್ರೀನ್ ಮೇಲೆ ನೋಡಬಹುದು, ನನ್ನ ಫೈಲನ್ನ ಯಾರ್ಯಾರು ತೆಗೆದಿದಾರೆ ಅಂತ ಬರವಣಿಗೆಯಲ್ಲಿ ಕೇಳಬಹುದು. ಬೇರೆಯವರ ರಿಪೋರ್ಟ್ ನಮ್ಮ ಕೈಗೆ ಬಂದ್ರೆ ಫಾರ್ವರ್ಡ್ ಮಾಡದೆ ಆಸ್ಪತ್ರೆಗೆ ಬರೆದು ತಿಳಿಸಬಹುದು.

ನಾನು ಕೊನೆಗೆ ಅದನ್ನೇ ಮಾಡಿದೆ. ಆ ಹುಡುಗನ ಹೆಸರು ಹಾಕದೆ, ತಾರೀಖು, ಟೈಮು, ಯಾವ ನಂಬರಿಂದ ಬಂತು, ಅಳಿಸಿದೀನಿ, ಅವರಿಗೆ ದಯವಿಟ್ಟು ತಿಳಿಸಿ ಅಂತ ಆಸ್ಪತ್ರೆ ಇಮೇಲಿಗೆ ಬರೆದೆ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿದ್ದೆ, ಅವತ್ತು ಅವರದ್ದು ನನಗೆ ಬಂತಲ್ಲ, ನನ್ನದು ಯಾರಿಗೆ ಹೋಗಿತ್ತು ಅಂತ. ನಿಮ್ಮ ಪತ್ರ ತಲುಪಿದೆ ಅಂತ ತಾನಾಗೇ ಬರೋ ಒಂದು ಉತ್ತರ ಬಂತು. ಅದಾದ ಮೇಲೆ ಇವತ್ತಿನವರೆಗೆ ಯಾರೂ ಫೋನ್ ಮಾಡಿಲ್ಲ.